ಡಾನ್ ಚೆರಿಗೆ ಟ್ರಂಪೆಟ್ ಬರುತ್ತಿತ್ತಾ?

ಪ್ರಶ್ನೆ: ನಾನು ಎಂಟು ವರ್ಷದಿಂದ ಕರ್ನಾಟಕ ಸಂಗೀತದಲ್ಲಿ ಕೊಳಲು ಕಲಿಯುತ್ತಿದ್ದೇನೆ. ಗೆಳೆಯನೊಬ್ಬ ಮೊಬೈಲಿನಲ್ಲಿ ಡಾನ್ ಚೆರಿ ಎಂಬ ಅಮೆರಿಕದ ಜಾಝ್ ಟ್ರಂಪೆಟ್ ವಾದಕರ ರೆಕಾರ್ಡಿಂಗ್ ಕೇಳಿಸಿ, "ಇದು ನಿಮ್ಮ ಮನೋಧರ್ಮದ ಹಾಗೇ, ಸ್ಥಳದಲ್ಲೇ ಕಲ್ಪಿಸಿ ನುಡಿಸುವುದು" ಅಂದ. ನನಗೆ ಹಾಗೇನೂ ಅನ್ನಿಸಲಿಲ್ಲ. ಸ್ವರ ಒಡೆಯುತ್ತದೆ, ಉಸಿರು ಸಾಲದ ಹಾಗೆ ಕೇಳುತ್ತದೆ, ಯಾವ ಚೌಕಟ್ಟೂ ಸಿಗಲಿಲ್ಲ. ಇವರಿಗೆ ನಿಜಕ್ಕೂ ಟ್ರಂಪೆಟ್ ಬರುತ್ತಿತ್ತಾ? ಬರುತ್ತಿದ್ದರೆ ಹೀಗೇಕೆ ನುಡಿಸಿದರು? ಅವರ ಬದುಕಿನ ಬಗ್ಗೆಯೂ ಸ್ವಲ್ಪ ಹೇಳಿ. ಎಲ್ಲಿಂದ ಕೇಳಲು ಶುರು ಮಾಡಲಿ?

ಉತ್ತರ: ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಹಾಗಂತ ನಿಮ್ಮ ಕಿವಿ ತಪ್ಪು ಅಂತಲೂ ಹೇಳಲ್ಲ. ಸ್ವರ ಒಡೆಯುವುದು ನಿಜ. 1959ರ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಅವರನ್ನು ಮೊದಲ ಸಲ ಕೇಳಿದ ದೊಡ್ಡ ದೊಡ್ಡ ವಿದ್ವಾಂಸರೂ ನೀವು ಕೇಳಿದ್ದನ್ನೇ ಕೇಳಿದ್ದರು. ಆದ್ದರಿಂದ ಪ್ರಶ್ನೆ ಕೇಳಿದ್ದಕ್ಕೆ ಸಂಕೋಚ ಬೇಡ. ಆದರೆ ಮೊಬೈಲಿನಲ್ಲಿ ಕೇಳಿದೆ ಅಂದಿರಲ್ಲ, ಅದರ ಬಗ್ಗೆ ಒಂದು ತಕರಾರು ಇದೆ, ಆಮೇಲೆ ಬರುತ್ತೇನೆ.

ಮೊದಲು ವಾದ್ಯದ ವಿಷಯ. ನೀವು ಕೊಳಲಿನವರು, ಬೇಗ ಅರ್ಥವಾಗುತ್ತದೆ. ಕೊಳಲಿನಲ್ಲಿ ಯಾವ ರಂಧ್ರ ಮುಚ್ಚುತ್ತೀರಿ, ಯಾವುದು ಬಿಡುತ್ತೀರಿ ಅನ್ನುವುದರ ಮೇಲೆ ಬಹುಪಾಲು ಸ್ವರ ನಿಂತಿದೆ. ಟ್ರಂಪೆಟ್‌ನಲ್ಲಿ ಇರುವುದು ಮೂರೇ ವಾಲ್ವ್, ಅಂದರೆ ಬೆರಳಲ್ಲಿ ಒತ್ತುವ ಗುಂಡಿಗಳು. ಒಂದನ್ನೂ ಒತ್ತದೆ ಊದಿದರೆ ಸ ಬರಬಹುದು, ಪ ಬರಬಹುದು, ಮೇಲಿನ ಸ, ಅದರ ಮೇಲಿನ ಗ, ಪ, ಯಾವುದು ಬೇಕಾದರೂ ಬರಬಹುದು. ಯಾವುದು ಬರಬೇಕು ಅಂತ ತೀರ್ಮಾನ ಮಾಡುವುದು ತುಟಿ. ನಮ್ಮ ಜಾತ್ರೆಯಲ್ಲಿ ಕೊಂಬು ಊದುವವರನ್ನು ನೋಡಿದ್ದೀರಲ್ಲ, ಅದೇ ತತ್ವ. ವಾಲ್ವ್ ಇಲ್ಲ ಅಷ್ಟೇ. ತುಟಿ ಒಂದು ಕೂದಲೆಳೆಯಷ್ಟು ಸಡಿಲವಾದರೂ ಸ್ವರ ಪಕ್ಕಕ್ಕೆ ಜಾರುತ್ತದೆ, ಇಲ್ಲವೇ ಒಡೆಯುತ್ತದೆ. ಟ್ರಂಪೆಟ್ ಊದುವವರಿಗೆ ದಿನಾ ಸಾಧನೆ ತಪ್ಪಿದ್ದಲ್ಲ. ಮೂರು ದಿನ ಬಿಟ್ಟರೆ ತುಟಿ ಸೋತಿರುತ್ತದೆ. ಸುಮ್ನೆ ಹೇಳುತ್ತಿಲ್ಲ, ಸ್ವಂತ ಅನುಭವ.

ಇದರ ಮೇಲೆ ಚೆರಿ ಹಿಡಿದದ್ದು ಮಾಮೂಲಿ ಟ್ರಂಪೆಟ್ ಅಲ್ಲ, ಪಾಕೆಟ್ ಟ್ರಂಪೆಟ್. ಅಂಗೈಗಿಂತ ಸ್ವಲ್ಪ ದೊಡ್ಡದು, ಆಟದ ಸಾಮಾನಿನ ಹಾಗೆ ಕಾಣುತ್ತದೆ. ಒಳಗಿನ ಕೊಳವೆಯ ಉದ್ದ ಮಾತ್ರ ದೊಡ್ಡ ಟ್ರಂಪೆಟ್‌ನಷ್ಟೇ, ಸುಮಾರು ನಾಲ್ಕೂವರೆ ಅಡಿ. ಜಿಲೇಬಿ ಸುತ್ತಿದ ಹಾಗೆ ಒತ್ತೊತ್ತಾಗಿ ಸುತ್ತಿರುತ್ತಾರೆ. ಶುರುವಿನ ದಿನಗಳಲ್ಲಿ ಅವರ ಕೈಯಲ್ಲಿದ್ದದ್ದು ಪಾಕಿಸ್ತಾನದಲ್ಲಿ ತಯಾರಾದದ್ದು ಅಂತ ಆ ಕಾಲದ ಬರಹಗಳಲ್ಲೇ ಇದೆ. ನಾನೂ ಒಮ್ಮೆ ಆಸೆಪಟ್ಟು ಒಂದು ಅಂಗಡಿಯಲ್ಲಿ ಪಾಕೆಟ್ ಟ್ರಂಪೆಟ್ ತಗೊಂಡಿದ್ದೆ. ಎರಡನೇ ವಾಲ್ವ್ ಒತ್ತಿದರೆ ಕೆಳಗೇ ಕೂತುಬಿಡುತ್ತಿತ್ತು, ಬೆರಳಲ್ಲಿ ಎಬ್ಬಿಸಬೇಕಿತ್ತು. ಎಣ್ಣೆ ಬಿಟ್ಟೆ, ಉಜ್ಜಿದೆ, ಸರಿಹೋಗಲಿಲ್ಲ. ವಾಲ್ವ್ ಕಥೆ ಹಾಗಿರಲಿ, ಊದುವಾಗ ಗಾಳಿ ಸರಾಗವಾಗಿ ಮುಂದಕ್ಕೆ ಹೋಗದೆ ಎದುರಿಗೆ ಯಾರೋ ಬಾಗಿಲು ಹಿಡಿದು ನಿಂತ ಹಾಗಾಗುತ್ತಿತ್ತು. ಸದ್ದೂ ಸಣ್ಣದು, ಸಭಾಂಗಣ ತುಂಬುವ ಮೊಳಗು ಇಲ್ಲ, ಪಕ್ಕದಲ್ಲಿ ಕೂತು ಯಾರೋ ಮಾತಾಡಿದ ಹಾಗೆ. ಅಂಥ ವಾದ್ಯವನ್ನು ಒಬ್ಬರು ಬೇಕೆಂದೇ ಆರಿಸಿಕೊಂಡಿದ್ದಾರೆ ಅಂದ ಮೇಲೆ ಅವರಿಗೆ ಬೇಕಿದ್ದದ್ದು ಮೊಳಗು ಅಲ್ಲ, ಮಾತು. ನನ್ನ ಲೆಕ್ಕ ಇದು.

ಈಗ ಬದುಕಿಗೆ ಬರೋಣ.

ಡಾನಲ್ಡ್ ಯೂಜೀನ್ ಚೆರಿ ಹುಟ್ಟಿದ್ದು 1936ರ ನವೆಂಬರ್ 18ರಂದು, ಓಕ್ಲಹೋಮ ಸಿಟಿಯಲ್ಲಿ. ತಂದೆ ಆಫ್ರಿಕನ್ ಅಮೆರಿಕನ್. ತಾಯಿಯ ಕಡೆ ಚಾಕ್ಟಾ ಮೂಲನಿವಾಸಿಗಳ ರಕ್ತ. ಅಮ್ಮ, ಅಜ್ಜಿ ಇಬ್ಬರೂ ಪಿಯಾನೋ ನುಡಿಸುತ್ತಿದ್ದರು. ಅಪ್ಪ ಟ್ರಂಪೆಟ್ ನುಡಿಸುತ್ತಿದ್ದರು, ಚೆರಿ ಬ್ಲಾಸಮ್ ಅಂತ ಒಂದು ಕ್ಲಬ್ಬನ್ನೂ ನಡೆಸುತ್ತಿದ್ದರು. 1940ರಲ್ಲಿ ಸಂಸಾರ ಲಾಸ್ ಏಂಜಲೀಸ್‌ಗೆ ಬಂತು, ವಾಟ್ಸ್ ಎಂಬ ಬಡಾವಣೆಗೆ. ಅಲ್ಲಿನ ಸೆಂಟ್ರಲ್ ಅವೆನ್ಯೂ ಆಗ ಕಪ್ಪು ಜನರ ಸಂಗೀತದ ಬೀದಿ. ಅಪ್ಪನಿಗೆ ಅದೇ ಬೀದಿಯ ಒಂದು ಕ್ಲಬ್ಬಿನ ಬಾರ್‌ನಲ್ಲಿ ಕೆಲಸ.

ಹುಡುಗ ಓದುತ್ತಿದ್ದದ್ದು ಒಂದು ಶಾಲೆಯಲ್ಲಿ, ಬ್ಯಾಂಡ್ ಚೆನ್ನಾಗಿದ್ದದ್ದು ಜೆಫರ್ಸನ್ ಹೈಸ್ಕೂಲಿನಲ್ಲಿ. ತನ್ನ ಕ್ಲಾಸಿಗೆ ಚಕ್ಕರ್ ಹಾಕಿ ಆ ಶಾಲೆಯ ಬ್ಯಾಂಡಿನಲ್ಲಿ ಊದಲು ಹೋಗುತ್ತಿದ್ದ. ಸಿಕ್ಕಿಬಿದ್ದ. ಶಿಸ್ತು ಕಲಿಯಲಿ ಅಂತ ದಾರಿ ತಪ್ಪಿದ ಹುಡುಗರ ಶಾಲೆಗೆ ಹಾಕಿದರು. ಅಲ್ಲಿ ಸಿಕ್ಕಿದ್ದು ಬಿಲ್ಲಿ ಹಿಗಿನ್ಸ್ ಎಂಬ ಇನ್ನೊಬ್ಬ ಹುಡುಗ, ಡ್ರಮ್ಸ್ ಬಾರಿಸುವವನು. ಮುಂದೆ ಇಬ್ಬರೂ ಸೇರಿ ಜಾಝ್ ಚರಿತ್ರೆಯ ಒಂದು ತಿರುವಿನಲ್ಲಿ ಒಟ್ಟಿಗೆ ನಿಂತರು. ಶಿಕ್ಷೆ ಅಂದರೆ ಹೀಗಿರಬೇಕು ನೋಡಿ!

"ಬರುತ್ತಿತ್ತಾ" ಅನ್ನುವ ನಿಮ್ಮ ಪ್ರಶ್ನೆಗೆ ಮೊದಲ ಸಾಕ್ಷಿ ಈ ಕಾಲದ್ದು. ಐವತ್ತರ ದಶಕದ ಲಾಸ್ ಏಂಜಲೀಸ್‌ನಲ್ಲಿ ಬಿಬಾಪ್ ಅಂದರೆ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹತ್ತು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ದಾಟಿ ಹೋಗುವ ಜಾಝ್ ಬಗೆ, ಅರೆಬರೆ ಕಲಿತವರಿಗೆ ಅಲ್ಲಿ ಜಾಗ ಇರಲಿಲ್ಲ. ಚೆರಿ ಅದನ್ನು ಕಲಿತೇ ಬೆಳೆದವರು. ಕೆಲವೊಮ್ಮೆ ಆರ್ಟ್ ಫಾರ್ಮರ್ ಅವರ ತಂಡದಲ್ಲಿ ಪಿಯಾನೋಗೂ ಕೂರುತ್ತಿದ್ದರು. ಎರಿಕ್ ಡಾಲ್ಫಿ ಎಂಬ ವಾದಕರ ಮನೆಯಲ್ಲಿ, ಎಲ್ಲರೂ ಸೇರಿ ಸುಮ್ಮನೆ ನುಡಿಸುವ ಜ್ಯಾಮ್‌ನಲ್ಲಿ ಕ್ಲಿಫರ್ಡ್ ಬ್ರೌನ್ ಸಿಕ್ಕರು. ಆ ಪೀಳಿಗೆಯಲ್ಲಿ ಟ್ರಂಪೆಟ್‌ಗೆ ಅವರ ಸಮ ಯಾರೂ ಇರಲಿಲ್ಲ ಅನ್ನುವಂಥ ಹೆಸರು ಅದು. ಅವರು ಈ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು.

ಆಮೇಲೆ ಬಂದದ್ದು ಆರ್ನೆಟ್ ಕೋಲ್ಮನ್. ಟೆಕ್ಸಸ್‌ನ ಸ್ಯಾಕ್ಸೊಫೋನ್ ವಾದಕ, ಕೈಯಲ್ಲಿ ಬಿಳಿ ಪ್ಲಾಸ್ಟಿಕ್ ಸ್ಯಾಕ್ಸ್. ಆರ್ನೆಟ್ ನುಡಿಸಲು ಬಂದರೆ ವೇದಿಕೆಯಿಂದ ಇಳಿದು ಹೋಗುವವರೇ ಹೆಚ್ಚು. ಚೆರಿ ಇಳಿಯಲಿಲ್ಲ. 1958ರಲ್ಲಿ ಇಬ್ಬರೂ ಸೇರಿ ಮೊದಲ ರೆಕಾರ್ಡ್ ಮಾಡಿದರು. 1959ರ ಮೇ 22ರಂದು ಹಾಲಿವುಡ್‌ನಲ್ಲಿ ಆರ್ನೆಟ್, ಚೆರಿ, ಬಾಸ್‌ಗೆ (ತಗ್ಗು ಸ್ವರದ ದೊಡ್ಡ ತಂತಿವಾದ್ಯ) ಚಾರ್ಲಿ ಹೇಡನ್, ಡ್ರಮ್ಸ್‌ಗೆ ಅದೇ ಬಿಲ್ಲಿ ಹಿಗಿನ್ಸ್, ಈ ನಾಲ್ವರು ಮಾಡಿದ ಆಲ್ಬಂ 'ದ ಶೇಪ್ ಆಫ್ ಜಾಝ್ ಟು ಕಮ್'. ನವೆಂಬರ್‌ನಲ್ಲಿ ನ್ಯೂಯಾರ್ಕಿನ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ಎರಡು ವಾರಕ್ಕೆಂದು ಬಂದವರು ಎರಡು ತಿಂಗಳಿಗೂ ಮೀರಿ ನುಡಿಸಿದರು. ಊರೆಲ್ಲ ಜಗಳ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಲೆನರ್ಡ್ ಬರ್ನ್‌ಸ್ಟೈನ್‌ರಂಥವರು ಮೆಚ್ಚಿದರು, ಜಾಝ್ ಟ್ರಂಪೆಟ್‌ನ ದೊಡ್ಡ ಹೆಸರು ಮೈಲ್ಸ್ ಡೇವಿಸ್‌ಗೆ ಮೊದಮೊದಲು ರುಚಿಸಲೇ ಇಲ್ಲ.

ಯಾಕೆ ಅಷ್ಟು ಜಗಳ? ನೀವು ಕೇಳಿದ ಚೌಕಟ್ಟಿನ ಪ್ರಶ್ನೆಗೂ ಇದೇ ಜಾಗ.

ಆಗಿನ ಜಾಝ್‌ನಲ್ಲಿ ಒಂದು ಹಾಡು ಅಂದರೆ ಮೇಲೊಂದು ಧಾಟಿ, ಕೆಳಗೆ ಕಾರ್ಡ್‌ಗಳ ಸಾಲು. ಸಾಮಾನ್ಯವಾಗಿ 32 ಬಾರ್, ಅಂದರೆ ತಾಳದ 32 ಸುತ್ತು, ಬ್ಲೂಸ್ ಎಂಬ ಬಗೆಯ ಹಾಡಾದರೆ 12. ಧಾಟಿ ಒಮ್ಮೆ ನುಡಿಸಿಯಾದ ಮೇಲೆ ಆ ಕಾರ್ಡ್ ಸಾಲು ಆವರ್ತದ ಹಾಗೆ ಸುತ್ತುತ್ತಲೇ ಇರುತ್ತದೆ, ಒಬ್ಬೊಬ್ಬರಾಗಿ ಅದರ ಮೇಲೆ ಕಲ್ಪನೆ ಮಾಡುತ್ತಾರೆ. ಯಾವ ಕ್ಷಣದಲ್ಲಿ ಯಾವ ಸ್ವರ ಸರಿ ಅಂತ ಹೇಳುವುದು ಕಾರ್ಡ್. ಆ ಕಾರ್ಡ್‌ಗಳನ್ನು ಎತ್ತಿ ಹಿಡಿಯುವುದು ಪಿಯಾನೋ. ಆರ್ನೆಟ್ ಪಿಯಾನೋವನ್ನೇ ತೆಗೆದುಬಿಟ್ಟರು. ಸುತ್ತುವ ಕಾರ್ಡ್ ಸಾಲೂ ಹೋಯಿತು. ಉಳಿದದ್ದು ಧಾಟಿ, ನಡೆ, ಮತ್ತು ಪಕ್ಕದವನು ಏನು ನುಡಿಸುತ್ತಿದ್ದಾನೆ ಅನ್ನುವುದು. ಧಾಟಿಯ ಒಂದು ತಿರುವನ್ನು ಹಿಡಿದು ಅದನ್ನು ಎಳೆಯಬಹುದು, ತಿರುಗಿಸಬಹುದು, ಬೇರೆ ಶ್ರುತಿಗೇ ಒಯ್ಯಬಹುದು. ನುಡಿಸುವವರು ಹೋದ ಕಡೆ ಬಾಸ್ ಹೋಗಬೇಕು. ಹೇಡನ್ ಹೋಗುತ್ತಿದ್ದರು.

ಹಾಗಾಗಿ ನಿಮ್ಮ ಗೆಳೆಯ ಹೇಳಿದ್ದು ಅರ್ಧ ಸರಿ. ನೀವು ಕಲ್ಯಾಣಿ ಆಲಾಪನೆ ಮಾಡುವಾಗ ಯಾವ ಸ್ವರ ಸಲ್ಲುತ್ತದೆ, ಯಾವುದು ಸಲ್ಲದು ಅನ್ನುವುದು ನಿಮಗೂ ಗೊತ್ತು, ಕೇಳುವವರಿಗೂ ಗೊತ್ತು. ಅದು ಮೊದಲೇ ಇರುವ ಚೌಕಟ್ಟು. ಇಲ್ಲಿ ಚೌಕಟ್ಟು ನುಡಿಸುತ್ತಾ ನುಡಿಸುತ್ತಾ ಹುಟ್ಟುತ್ತದೆ, ಎದುರಿಗಿರುವವನ ಈಗಿನ ಮಾತೇ ನನ್ನ ಮುಂದಿನ ಮಾತಿಗೆ ನಿಯಮ. ನಮ್ಮ ಕಡೆ ಇದಕ್ಕೆ ಹತ್ತಿರದ್ದು ಮುಖ್ಯ ಕಲಾವಿದರ ಆಲಾಪನೆ ಅಲ್ಲ, ಪಿಟೀಲಿನವರ ಕೆಲಸ. ಹಾಡುಗಾರರು ರಾಗ ಬೆಳೆಸುವಾಗ ಅರ್ಧ ಸೆಕೆಂಡು ಹಿಂದೆ ನೆರಳಿನ ಹಾಗೆ ಬರುತ್ತಾರಲ್ಲ, ಅವರು ಎಲ್ಲಿ ಹೊರಳುತ್ತಾರೆ ಅಂತ ಗೊತ್ತಿಲ್ಲದಿದ್ದರೂ ಹೊರಳಿದ ತಕ್ಷಣ ಅಲ್ಲೇ ಇರುತ್ತಾರಲ್ಲ, ಆ ಕಿವಿ. ಚೆರಿಯ ದೊಡ್ಡಸ್ತಿಕೆ ಇರುವುದು ಆ ಕಿವಿಯಲ್ಲಿ. ಅವರನ್ನು ತನಿ ವಾದಕರಾಗಿ ಅಳೆದರೆ ಮಾರ್ಕ್ಸ್ ಕಡಿಮೆ ಬೀಳಬಹುದು. ಪಕ್ಕದಲ್ಲಿ ನಿಂತು ಉತ್ತರ ಕೊಡುವವರಾಗಿ ಅಳೆಯಿರಿ, ಅವರಿಗಿಂತ ಮೇಲಿನವರು ನನಗೆ ಕಂಡಿಲ್ಲ.

ಈಗ ಮೊಬೈಲ್ ತಕರಾರು. ಆ 1959ರ ಆಲ್ಬಮ್ಮಿನ ಮೊದಲ ಹಾಡು 'ಲೋನ್ಲಿ ವುಮನ್'. ನಿಮ್ಮ ಗೆಳೆಯ ಕೇಳಿಸಿದ್ದು ಬಹುಶಃ ಇದೇ ಇರಬೇಕು, ಎಲ್ಲರೂ ಇದನ್ನೇ ಮೊದಲು ಕೇಳಿಸುತ್ತಾರೆ. ಇದರಲ್ಲಿ ಡ್ರಮ್ಸ್ ಜೋರು ನಡೆಯಲ್ಲಿ ಓಡುತ್ತದೆ. ಬಾಸ್ ಎರಡು ತಂತಿ ಒಟ್ಟಿಗೆ ಮೀಟಿ ಹೆಚ್ಚೂಕಡಿಮೆ ತಂಬೂರದ ಹಾಗೆ ನಿಧಾನಕ್ಕೆ ನಿಂತಿರುತ್ತದೆ. ಇವೆರಡರ ಮೇಲೆ ಸ್ಯಾಕ್ಸ್ ಮತ್ತು ಟ್ರಂಪೆಟ್ ತಾಳಕ್ಕೆ ಕಟ್ಟುಬೀಳದೆ ಅಳುವಿನಂಥ ಧಾಟಿಯೊಂದನ್ನು ಒಟ್ಟಿಗೆ ಎಳೆಯುತ್ತವೆ. ಮೊಬೈಲಿನ ಸ್ಪೀಕರ್‌ನಲ್ಲಿ ಬಾಸ್ ಕೇಳಿಸುವುದೇ ಇಲ್ಲ! ತಂಬೂರ ತೆಗೆದು ಆಲಾಪನೆ ಕೇಳಿದ ಹಾಗಾಯಿತು, ಚೌಕಟ್ಟು ಸಿಗಲಿಲ್ಲ ಅಂದರೆ ಆಶ್ಚರ್ಯ ಏನಿದೆ. ಒಳ್ಳೆಯ ಹೆಡ್‌ಫೋನ್ ಹಾಕಿ ಇನ್ನೊಂದು ಸಲ ಕೇಳಿ. ಮೊದಲ ಸಲ ಬಾಸ್ ಮಾತ್ರ. ಎರಡನೇ ಸಲ ಆ ಧಾಟಿಯ ಉದ್ದಕ್ಕೂ ಟ್ರಂಪೆಟ್ ಎಲ್ಲಿದೆ ಅಂತ ಹುಡುಕಿ. ಕೆಲವು ಕಡೆ ಎರಡೂ ಒಂದೇ ಸ್ವರ, ಕೆಲವು ಕಡೆ ಬಿಟ್ಟು ಕೂಡುತ್ತವೆ. ಆರ್ನೆಟ್ ಸ್ವರವನ್ನು ಬಗ್ಗಿಸಿದಾಗ ಚೆರಿಯೂ ಅಷ್ಟೇ ಬಗ್ಗಿಸುತ್ತಾರೆ. ಬರೆದು ಅಭ್ಯಾಸ ಮಾಡಿದರೆ ಹೀಗೆ ಬರುವುದು ಕಷ್ಟ. ಇಬ್ಬರ ಉಸಿರೂ ಒಂದೇ ಆಗಿರಬೇಕು.

ಸ್ವರ ಒಡೆಯುವ ಬಗ್ಗೆ ಇನ್ನೊಂದು ಪರೀಕ್ಷೆ ಇದೆ. 1960ರ ಡಿಸೆಂಬರ್ 21ರಂದು ಆರ್ನೆಟ್ ಎರಡು ನಾಲ್ವರ ತಂಡಗಳನ್ನು ಒಟ್ಟಿಗೆ ಕೂರಿಸಿ 37 ನಿಮಿಷ ತಡೆಯಿಲ್ಲದೆ ನುಡಿಸಿದರು. ಆಲ್ಬಮ್ಮಿನ ಹೆಸರೇ 'ಫ್ರೀ ಜಾಝ್', ಆಮೇಲೆ ಆ ಇಡೀ ಬಗೆಗೆ ಅದೇ ಹೆಸರು ಅಂಟಿಕೊಂಡಿತು. ಸ್ಟೀರಿಯೋದಲ್ಲಿ ಒಂದು ತಂಡ ಎಡಕ್ಕೆ, ಇನ್ನೊಂದು ಬಲಕ್ಕೆ. ಎಡಗಿವಿಯಲ್ಲಿ ಚೆರಿ, ಬಲಗಿವಿಯಲ್ಲಿ ಇನ್ನೊಬ್ಬ ಟ್ರಂಪೆಟ್ ವಾದಕ ಫ್ರೆಡಿ ಹಬರ್ಡ್. ಹಬರ್ಡ್‌ಗೆ ಆಗ 22 ವರ್ಷ, ತುಟಿ ಉಕ್ಕಿನ ಹಾಗೆ, ಸ್ವರ ದುಂಡಗೆ, ಓಟ ಎಲ್ಲೂ ತಡವರಿಸಲ್ಲ. ಇಬ್ಬರಿಗೂ ತಮ್ಮ ತಮ್ಮ ಸರದಿ ಬರುತ್ತದೆ. ಹಬರ್ಡ್ ಕಲಿತ ಪಾಠವನ್ನು ಅಚ್ಚುಕಟ್ಟಾಗಿ ಒಪ್ಪಿಸುತ್ತಾರೆ. ಸುತ್ತಲಿನ ಗದ್ದಲದಲ್ಲಿ ಏನು ಮಾಡಬೇಕು ಅಂತ ಅವರಿಗೆ ಅಷ್ಟಾಗಿ ತೋಚಿದ ಹಾಗಿಲ್ಲ. ಚೆರಿಯ ಸರದಿ ಬಂದಾಗ ಸಣ್ಣ ಸಣ್ಣ ತುಣುಕು, ನಡುವೆ ಮೌನ, ಯಾರೋ ಹಿಂದಿನಿಂದ ಒಂದು ಮಾತು ಎಸೆದರೆ ತಕ್ಷಣ ಅದಕ್ಕೆ ಉತ್ತರ. ನಡುವೆ ಸ್ವರ ಒಡೆಯುತ್ತದೆ, ಅವರು ಅದನ್ನು ಮುಚ್ಚಿಟ್ಟುಕೊಳ್ಳುವುದಿಲ್ಲ, ಆ ಒಡೆದ ಚೂರನ್ನೇ ಮುಂದಿನ ವಾಕ್ಯದ ಮೊದಲ ಸ್ವರ ಮಾಡಿಕೊಳ್ಳುತ್ತಾರೆ. ನನಗೆ ಹಬರ್ಡ್ ಕೂಡ ಬಹಳ ಇಷ್ಟ, ಬೇರೆ ಆಲ್ಬಂಗಳಲ್ಲಿ. ಈ 37 ನಿಮಿಷ ಮಾತ್ರ ಚೆರಿಯದ್ದು.

ಆ ಹೊತ್ತಿಗೆ ಇವರ ಕಿವಿಗೆ ಬೆಲೆ ಗೊತ್ತಾಗಿತ್ತು. ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್‌ಗೆ ಆರ್ನೆಟ್‌ರ ಸಂಗೀತ ಒಳಗಿನಿಂದ ತಿಳಿಯಬೇಕಿತ್ತು. 1960ರಲ್ಲಿ ಚೆರಿಯ ಜೊತೆ ಕೂತು ಒಂದು ಆಲ್ಬಂ ಮಾಡಿದರು, ಬಿಡುಗಡೆಯಾದದ್ದು ಮಾತ್ರ 1966ರಲ್ಲಿ. 1962ರಲ್ಲಿ ಇನ್ನೊಬ್ಬ ದೊಡ್ಡ ಸ್ಯಾಕ್ಸೊಫೋನ್ ವಾದಕ ಸೋನಿ ರಾಲಿನ್ಸ್ ತಮ್ಮ ತಂಡಕ್ಕೆ ಕರೆದುಕೊಂಡರು. ವಿಲೇಜ್ ಗೇಟ್ ಕ್ಲಬ್ಬಿನ ಲೈವ್ ರೆಕಾರ್ಡಿಂಗ್ ಇದೆ, ಅದರಲ್ಲಿ 'ಓಲಿಯೋ' ಒಂದೇ 25 ನಿಮಿಷ. ರಾಲಿನ್ಸ್ ನಡೆ ಬದಲಿಸುತ್ತಾರೆ, ಧಾಟಿ ಬಿಟ್ಟು ಇನ್ನೆಲ್ಲೋ ನುಗ್ಗುತ್ತಾರೆ, ಚೆರಿ ಬೆನ್ನು ಬಿಡಲ್ಲ. ಆಲ್ಬರ್ಟ್ ಐಲರ್, ಆರ್ಚಿ ಶೆಪ್, ಜಾನ್ ಚಿಕಾಯ್ ಇವರೆಲ್ಲರ ಜೊತೆಗೂ ನುಡಿಸಿದರು. ಅರವತ್ತರ ದಶಕದ ಹೊಸ ಜಾಝ್‌ನಲ್ಲಿ ಯಾವ ಬಾಗಿಲು ತಟ್ಟಿದರೂ ಒಳಗೆ ಚೆರಿ ಕೂತಿರುತ್ತಾರೆ.

ಸ್ವಂತ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಕಂಪ್ಲೀಟ್ ಕಮ್ಯೂನಿಯನ್'. 1965ರ ಡಿಸೆಂಬರ್ 24, ಕ್ರಿಸ್‌ಮಸ್ ಹಿಂದಿನ ದಿನ, ನ್ಯೂಜೆರ್ಸಿಯ ಸ್ಟುಡಿಯೋದಲ್ಲಿ ನಾಲ್ವರು ಕೂತು ಮಾಡಿದ್ದು. ಅರ್ಜೆಂಟೀನಾದ ಗಾಟೊ ಬಾರ್ಬಿಯೇರಿ ಸ್ಯಾಕ್ಸ್, ಹೆನ್ರಿ ಗ್ರೈಮ್ಸ್ ಬಾಸ್, ಎಡ್ ಬ್ಲ್ಯಾಕ್‌ವೆಲ್ ಡ್ರಮ್ಸ್. ರೆಕಾರ್ಡಿನ ಒಂದೊಂದು ಬದಿಯೂ ಒಂದೇ ಉಸಿರಿನ ಕೃತಿ, ಒಳಗೆ ನಾಲ್ಕು ನಾಲ್ಕು ಧಾಟಿಗಳು. ಒಂದರಿಂದ ಇನ್ನೊಂದಕ್ಕೆ ನಿಲ್ಲದೆ ಹೋಗುತ್ತಾರೆ. ರಾಗಮಾಲಿಕೆ ತಾನೇ ಅನ್ನಬೇಡಿ, ಅಲ್ಲಿ ಮುಂದಿನ ರಾಗ ಯಾವುದು ಅಂತ ಮೊದಲೇ ಗೊತ್ತಿರುತ್ತದೆ. ಈ ತಂಡ ವೇದಿಕೆ ಮೇಲಿದ್ದಾಗ ಚೆರಿ ಯಾವುದೋ ಧಾಟಿಯ ಒಂದು ತುದಿ ಊದಿದರೆ ಸಾಕು, ಉಳಿದವರು ಅಲ್ಲಿಗೆ ಹೊರಳಬೇಕು. ಕಣ್ಸನ್ನೆ ಅಲ್ಲ, ಸ್ವರಸನ್ನೆ.

ಈ ಕಾಲದ ಒಂದು ಸಂಗತಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಪ್ಯಾರಿಸ್‌ನಲ್ಲಿ ಅವರ ತಂಡದಲ್ಲಿದ್ದ ಜರ್ಮನಿಯ ಕಾರ್ಲ್ ಬರ್ಗರ್ ಮುಂದೆ ಹೇಳಿಕೊಂಡಿದ್ದಾರೆ: ಚೆರಿಯ ಹತ್ತಿರ ಒಂದು ಶಾರ್ಟ್‌ವೇವ್ ರೇಡಿಯೋ ಇರುತ್ತಿತ್ತು, ಯಾವಾಗಲೂ ಅದರಲ್ಲಿ ಬೇರೆ ಬೇರೆ ದೇಶದ ಹಾಡು ಕೇಳುತ್ತಿದ್ದರು. ಕೇಳಿದ ಧಾಟಿ ಮನಸ್ಸಿಗೆ ಹಿಡಿದರೆ ಯಾರಿಗೂ ಹೇಳದೆ ಕೇಳದೆ ರಾತ್ರಿ ಕಛೇರಿಯ ನಡುವೆ ಊದಿಬಿಡುತ್ತಿದ್ದರು. ಉಳಿದವರು ಅಲ್ಲೇ ಹಿಡಿಯಬೇಕು. ಸ್ವರಲಿಪಿ ಇಲ್ಲ, ರಿಹರ್ಸಲ್ ಇಲ್ಲ. ನಮ್ಮ ಮನೆಗಳಲ್ಲಿ ರೇಡಿಯೋ ಸಿಲೋನ್ ಹಿಡಿಯಲು ಮುಳ್ಳು ತಿರುಗಿಸುತ್ತಾ ಕೂತವರಿಗೆ ಆ ಗೊರಗೊರ ಸದ್ದು, ನಡುವೆ ತಟ್ಟನೆ ತೇಲಿ ಬರುವ ಯಾವುದೋ ಅರಬ್ಬಿ ಹಾಡು ನೆನಪಿರುತ್ತದೆ, ಅಲ್ವಾ? ನಾವು ಮುಳ್ಳು ಮುಂದಕ್ಕೆ ತಿರುಗಿಸಿದೆವು. ಅವರು ಅಲ್ಲೇ ನಿಲ್ಲಿಸಿ ಕಲಿತರು.

ಮುಂದಿನ ಬದುಕೆಲ್ಲ ಆ ರೇಡಿಯೋದ ಹಾಗೇ ನಡೆಯಿತು. ರಾಲಿನ್ಸ್ ತಂಡದ ಜೊತೆ ಯುರೋಪಿಗೆ ಹೋದಾಗ ಸ್ವೀಡನ್‌ನಲ್ಲಿ ಮೋಕಿ ಪರಿಚಯವಾದರು, ಬಟ್ಟೆಯಲ್ಲಿ ಚಿತ್ರ ಮಾಡುವ ಕಲಾವಿದೆ. 1970ರಲ್ಲಿ ಇಬ್ಬರೂ ದಕ್ಷಿಣ ಸ್ವೀಡನ್ನಿನ ಒಂದು ಹಳ್ಳಿಯಲ್ಲಿ ಮುಚ್ಚಿದ್ದ ಹಳೆಯ ಶಾಲೆಯನ್ನು ಕೊಂಡು ಅಲ್ಲೇ ಮನೆ ಮಾಡಿದರು. ಅಡುಗೆ, ಮಕ್ಕಳು, ಸಂಗೀತ ಎಲ್ಲ ಒಂದೇ ಸೂರಿನಡಿ. ಕಛೇರಿ ಅಂದರೆ ಹಿಂದೆ ಮೋಕಿ ಹೊಲಿದ ಬಣ್ಣಬಣ್ಣದ ಪರದೆ, ಎಲ್ಲರೂ ನೆಲದ ಮೇಲೆ, ಮಕ್ಕಳೂ ಅಲ್ಲೇ ಓಡಾಡಿಕೊಂಡು. ಟ್ರಂಪೆಟ್ ಒಂದೇ ಅಲ್ಲ, ಕೊಳಲು (ಒಮ್ಮೊಮ್ಮೆ ಎರಡು ಕೊಳಲು ಒಟ್ಟಿಗೆ!), ಪಿಯಾನೋ, ಗಾಯನ. ಆಮೇಲೆ ಮಾಲಿ ದೇಶದ ಬೇಟೆಗಾರರ ವಾದ್ಯ ದೋಂಸೋ ಎನ್‌ಗೋನಿ, ಸೋರೆಬುರುಡೆಗೆ ಚರ್ಮ ಬಿಗಿದು ತಂತಿ ಕಟ್ಟಿದ್ದು. ಆ ಮನೆಯಲ್ಲಿ ಬೆಳೆದ ನೆನೆ ಚೆರಿ, ಈಗಲ್-ಐ ಚೆರಿ ಇಬ್ಬರೂ ಮುಂದೆ ಪಾಪ್ ಸಂಗೀತದಲ್ಲಿ ಅಪ್ಪನಿಗಿಂತ ಜಾಸ್ತಿ ಹೆಸರು ಮಾಡಿದರು. ತೊಂಬತ್ತರ ದಶಕದಲ್ಲಿ ಎಂಟಿವಿ ನೋಡಿದವರಿಗೆ ಗೊತ್ತಿರುತ್ತದೆ.

ಭಾರತದ ನಂಟು ನಿಮಗೆ ಕುತೂಹಲ ಇರಬೇಕು. ಎಪ್ಪತ್ತರ ದಶಕದಲ್ಲಿ ಚೆರಿ ಪಂಡಿತ್ ಪ್ರಾಣನಾಥ್ ಅವರ ಹತ್ತಿರ ಕಲಿತರು. ಲಾಹೋರಿನಲ್ಲಿ ಹುಟ್ಟಿದ ಪ್ರಾಣನಾಥ್ ಹಿಂದೂಸ್ತಾನಿ ಗಾಯನದ ಕಿರಾಣಾ ಘರಾಣೆಯವರು, ಅಬ್ದುಲ್ ವಹೀದ್ ಖಾನರ ಶಿಷ್ಯರು. ಈ ಕಿರಾಣಾ ನಮಗೆ ಪರಕೀಯವಲ್ಲ. ವಹೀದ್ ಖಾನರ ಸೋದರಸಂಬಂಧಿ ಅಬ್ದುಲ್ ಕರೀಂ ಖಾನರು ಧಾರವಾಡದ ಕಡೆ ಬಂದು, ಕುಂದಗೋಳದ ಸವಾಯಿ ಗಂಧರ್ವರಿಗೆ ಹೇಳಿಕೊಟ್ಟು, ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅಂತ ಬೆಳೆಯಿತಲ್ಲ, ಅದೇ ಮರದ ಇನ್ನೊಂದು ಕೊಂಬೆ. ಒಂದು ಸ್ವರವನ್ನು ಹಿಡಿದು ಅದರೊಳಗೇ ನಿಂತುಕೊಳ್ಳುವ ಘರಾಣೆ. ಚೆರಿಯಂಥವರಿಗೆ ಅದು ಯಾಕೆ ಹಿಡಿಸಿತು ಅಂತ ಊಹಿಸುವುದು ಕಷ್ಟವಲ್ಲ.

'ಆರ್ಗ್ಯಾನಿಕ್ ಮ್ಯೂಸಿಕ್ ಸೊಸೈಟಿ' ಆಲ್ಬಮ್ಮಿನಲ್ಲಿ 'ಮನುಷ ರಾಗ ಕಾಂಬೋಜಿ' ಅನ್ನುವ ಹೆಸರಿನದೊಂದಿದೆ. ಹೆಸರು ನೋಡಿ ಕಾಂಭೋಜಿ ಸಿಗುತ್ತದೆ ಅಂತ ಕೂತರೆ ನಿಮಗೆ ಸಿಟ್ಟು ಬರಬಹುದು, ನನಗೂ ಬಂದಿತ್ತು. ಚೆರಿ ರಾಗ ನುಡಿಸಿದರು ಅಂತ ಹೇಳಿದರೆ ಅದು ಹೆಚ್ಚಾಯಿತು. ಅವರಿಗೆ ಬೇಕಿದ್ದದ್ದು ರಾಗದ ವ್ಯಾಕರಣ ಅಲ್ಲ, ಶ್ರುತಿಯ ಮೇಲೆ ಹೊತ್ತು ಮರೆತು ಕೂರುವ ರೀತಿ. ಅದನ್ನು ಒಪ್ಪಿಕೊಂಡು ಕೇಳಿದರೆ ಜಗಳ ಇರುವುದಿಲ್ಲ. ಇನ್ನು 1978ರಲ್ಲಿ ಶುರುವಾದ ಕೊಡೋನಾ ತಂಡ ಬೇರೆಯೇ ಮಟ್ಟದ್ದು. ಕಾಲಿನ್, ಡಾನ್, ನಾನಾ, ಮೂವರ ಹೆಸರಿನ ಮೊದಲ ಅಕ್ಷರಗಳು ಸೇರಿ ಕೊಡೋನಾ. ಕಾಲಿನ್ ವಾಲ್ಕಾಟ್ ರವಿಶಂಕರರ ಹತ್ತಿರ ಸಿತಾರ್, ಅಲ್ಲಾ ರಖಾ ಅವರ ಹತ್ತಿರ ತಬಲಾ ಕಲಿತವರು. ನಾನಾ ವಾಸ್ಕೊನ್ಸೆಲೋಸ್ ಬ್ರೆಜಿಲಿನ ತಾಳವಾದ್ಯದವರು. ಮೂರು ಆಲ್ಬಂ ಬಂದವು. 1984ರಲ್ಲಿ ಪೂರ್ವ ಜರ್ಮನಿಯಲ್ಲಿ ರಸ್ತೆ ಅಪಘಾತದಲ್ಲಿ ವಾಲ್ಕಾಟ್ ಹೋದರು, ತಂಡವೂ ಮುಗಿಯಿತು. ಅಂದಹಾಗೆ ಅವರ ಆಲ್ಬಂಗಳನ್ನು ಹೊರತಂದ ಇಸಿಎಂ ಕಂಪನಿಯೇ 1983ರಲ್ಲಿ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೋ ನುಡಿಸಿದ 'ಜ್ಯೋತಿ'ಯನ್ನೂ ರೆಕಾರ್ಡ್ ಮಾಡಿತು. ಆರ್.ಎ. ರಮಾಮಣಿಯವರ ಗಾಯನ. ಚೆರಿಗೂ ಅದಕ್ಕೂ ಸಂಬಂಧ ಇಲ್ಲ, ಆದರೂ ಸಿಕ್ಕರೆ ಬಿಡಬೇಡಿ.

ಬದುಕಿನ ಕಹಿ ಭಾಗವನ್ನೂ ಹೇಳಬೇಕು. ಹೆರಾಯಿನ್ ಚಟ ಅವರನ್ನು ಬಹಳ ವರ್ಷ ಕಾಡಿತು. ಬಿಡುವುದು, ಮತ್ತೆ ಬೀಳುವುದು. ಅವರ ಎಲ್ಲ ರೆಕಾರ್ಡಿಂಗೂ ಒಂದೇ ಮಟ್ಟದ್ದಲ್ಲ, ಕೆಲವು ಕಡೆ ತುಟಿ ನಿಜಕ್ಕೂ ಸೋತಿದೆ. ಅಭಿಮಾನಿಗಳು ಅದನ್ನೂ ಕಲೆ ಅಂತ ಹೊಗಳುತ್ತಾರೆ, ನಾನು ಹೊಗಳಲ್ಲ. ಬೇಕೆಂದು ಒಡೆದ ಸ್ವರ ಬೇರೆ, ಕೈಲಾಗದೆ ಒಡೆದ ಸ್ವರ ಬೇರೆ. ನೀವು ಗಾಳಿವಾದ್ಯದವರು, ನಾಲ್ಕು ಸಲ ಕೇಳಿದರೆ ಯಾವುದು ಯಾವುದು ಅಂತ ನಿಮಗೇ ಗೊತ್ತಾಗುತ್ತದೆ.

1988ರಲ್ಲಿ 'ಆರ್ಟ್ ಡೆಕೊ' ಅಂತ ಒಂದು ಆಲ್ಬಂ ಮಾಡಿದರು. ಲಾಸ್ ಏಂಜಲೀಸ್‌ನ ಹುಡುಗಾಟದ ದಿನಗಳ ಗೆಳೆಯ ಜೇಮ್ಸ್ ಕ್ಲೇ ಸ್ಯಾಕ್ಸ್‌ಗೆ, ಮತ್ತದೇ ಹೇಡನ್, ಅದೇ ಹಿಗಿನ್ಸ್. ಐವತ್ತು ದಾಟಿದ ಮನುಷ್ಯ ಇಲ್ಲಿ ನಿಧಾನಕ್ಕೆ, ಅಚ್ಚುಕಟ್ಟಾಗಿ, ಕಾರ್ಡ್ ಎಲ್ಲಿದೆ ಅಂತ ಒಂದೊಂದೂ ಗೊತ್ತಿಟ್ಟುಕೊಂಡು ನುಡಿಸುತ್ತಾರೆ. ಪಿಯಾನೋ ವಾದಕ ಥೆಲೋನಿಯಸ್ ಮಂಕ್ ಅವರ ರಚನೆ 'ಬೆಮ್ಶಾ ಸ್ವಿಂಗ್' ಇದರಲ್ಲೂ ಇದೆ, 1960ರಲ್ಲಿ ಕೋಲ್ಟ್ರೇನ್ ಜೊತೆ ಮಾಡಿದ ಆಲ್ಬಮ್ಮಿನಲ್ಲೂ ಇದೆ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. "ಇವರಿಗೆ ಬರುತ್ತಿತ್ತಾ" ಅಂತ ಇನ್ನೊಮ್ಮೆ ನನ್ನನ್ನು ಕೇಳುವುದಿಲ್ಲ. ಇದಾಗಿ ಏಳು ವರ್ಷಕ್ಕೆ, 1995ರ ಅಕ್ಟೋಬರ್ 19ರಂದು, ದಕ್ಷಿಣ ಸ್ಪೇನಿನ ಮ್ಯಾಲಗದಲ್ಲಿ ಲಿವರ್ ಕಾಯಿಲೆಯಿಂದ ತೀರಿಕೊಂಡರು. 58 ವರ್ಷ.

ಎಲ್ಲಿಂದ ಶುರು ಮಾಡಲಿ ಅಂದಿರಿ. 'ಫ್ರೀ ಜಾಝ್' ಮೊದಲೇ ಹಾಕಿಕೊಳ್ಳಬೇಡಿ, ಓಡಿಹೋಗುತ್ತೀರಿ. 'ಆರ್ಟ್ ಡೆಕೊ'ದಿಂದ ಹಿಂದಕ್ಕೆ ಬನ್ನಿ, ಆಮೇಲೆ 'ಲೋನ್ಲಿ ವುಮನ್', ಆಮೇಲೆ 'ಕಂಪ್ಲೀಟ್ ಕಮ್ಯೂನಿಯನ್'. ಮನಸ್ಸು ನೆಟ್ಟಗಿರುವ ಒಂದು ರಾತ್ರಿ 1975ರ 'ಬ್ರೌನ್ ರೈಸ್' ಆಲ್ಬಂ ತೆಗೆದು ಎರಡನೆಯದನ್ನು ಹಾಕಿ, ಸುಮಾರು 14 ನಿಮಿಷದ್ದು. ಹೆಸರು 'ಮಾಲ್ಕೌಂಸ್'. ನಿಮ್ಮ ಹಿಂದೋಳದ್ದೇ ಸ್ವರಗಳಿರುವ ಹಿಂದೂಸ್ತಾನಿ ರಾಗದ ಹೆಸರು. ಮೊದಲು ತಂಬೂರ, ಅದನ್ನು ಮೀಟಿದವರು ಮೋಕಿ. ಅದರ ಮೇಲೆ ಹೇಡನ್‌ರ ಬಾಸ್ ಒಂದೇ, ಬಹಳ ಹೊತ್ತು, ಆತುರವೇ ಇಲ್ಲ. ಡ್ರಮ್ಸೂ ಟ್ರಂಪೆಟ್ಟೂ ಬರುವುದು ಆಮೇಲೆ. ಕೇಳುವಾಗ ಕೊಳಲು ಪಕ್ಕದಲ್ಲಿಟ್ಟುಕೊಳ್ಳಿ. ಟ್ರಂಪೆಟ್ ಒಂದು ತುಣುಕು ಊದಿ ಬಿಟ್ಟಾಗ ಆ ಸಂದಿಯಲ್ಲಿ ನೀವೊಂದು ಉತ್ತರ ನುಡಿಸಿ ನೋಡಿ. ನಿಮ್ಮ ಕೊಳಲಿನ ಶ್ರುತಿ ಅದಕ್ಕೆ ಕೂಡದಿದ್ದರೆ ಬೇಜಾರು ಬೇಡ, ಬಾಯಲ್ಲೇ ಹಾಡಿ.